ಮಹಡಿಯ ಕೋಣೆಯ ಅಪರಿಚಿತ: ‘ದ ಲಾಡ್ಜರ್’ ಚಲನಚಿತ್ರ ಮತ್ತು ಒಂದು ನಗರ ಐತಿಹ್ಯದ ಚರಿತ್ರೆ

ಮನೆಯ ಬಾಗಿಲಿಗೆ ಬಂದು ನಿಂತ ಅಪರಿಚಿತನನ್ನು ಯಾರೆಂದು ತಿಳಿಯಬೇಕು ಎಂಬ ಪ್ರಶ್ನೆ ಜಾನಪದಕ್ಕೆ ಹೊಸದಲ್ಲ. ಬಂದವನು ದೇವರಾಗಿರಬಹುದು, ಕಳ್ಳನಾಗಿರಬಹುದು, ಸತ್ತವನೇ ಮರಳಿ ಬಂದಿರಬಹುದು. ಸಿರಿಯಾಳನ ಕಥೆಯಲ್ಲಿ ಜಂಗಮನ ವೇಷದಲ್ಲಿ ಬಂದ ಶಿವ ಮನೆಯ ಮಗುವನ್ನೇ ಉಣಬಡಿಸಲು ಕೇಳುತ್ತಾನೆ. ಭಕ್ತಿ ಮತ್ತು ಭೀತಿ ಎರಡೂ ಒಂದೇ ಹೊಸ್ತಿಲನ್ನು ದಾಟಿ ಒಳಬರುತ್ತವೆ. ಆದರೆ ಈ ಕಥೆಗಳ ಅತಿಥಿ ತಿಥಿಯನ್ನು ನೋಡದೆ ಬರುವವನು, ಉಂಡು ಹೋಗುವವನು. ಹತ್ತೊಂಬತ್ತನೆಯ ಶತಮಾನದ ಕೈಗಾರಿಕಾ ನಗರಗಳು ಇವನ ಸ್ಥಾನದಲ್ಲಿ ಬೇರೊಬ್ಬನನ್ನು ತಂದು ನಿಲ್ಲಿಸಿದವು. ಇವನು ದಿನದ, ವಾರದ ಲೆಕ್ಕದಲ್ಲಿ ಹಣ ಕೊಟ್ಟು ಒಂದು ಕೋಣೆಯನ್ನು ಹಿಡಿಯುತ್ತಾನೆ. ಒಂದೇ ಸೂರಿನ ಕೆಳಗೆ ಮಲಗುತ್ತಾನೆ. ಆದರೆ ಇವನ ಕುಲ, ಊರು, ಹಿಂದಿನ ಬದುಕು ಯಾವುದೂ ಮನೆಯವರಿಗೆ ತಿಳಿದಿರುವುದಿಲ್ಲ. ಸೂರು ಒಂದೇ, ಸಂಬಂಧ ಮಾತ್ರ ಇಲ್ಲ. ಈ ಹೊಸ ಸ್ಥಿತಿಯಿಂದ ಹುಟ್ಟಿದ ಐತಿಹ್ಯಗಳಲ್ಲಿ ಬಹುಶಃ ಅತ್ಯಂತ ದೀರ್ಘಾಯುಷ್ಯವುಳ್ಳದ್ದು ಲಂಡನ್ನಿನ ‘ಬಾಡಿಗೆಯವನು’ ಎಂಬ ಐತಿಹ್ಯ. ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿ 1927ರಲ್ಲಿ ತೆರೆಕಂಡ ಮೂಕಿ ಚಿತ್ರ ‘ದ ಲಾಡ್ಜರ್’ ಆ ಐತಿಹ್ಯದ ಒಂದು ಪಠ್ಯ.

ಮನೋವೈಜ್ಞಾನಿಕ ರೋಚಕ ಚಿತ್ರಗಳ ಪರಂಪರೆಯಲ್ಲಿ ಈ ಚಿತ್ರಕ್ಕೆ ಇರುವ ಸ್ಥಾನವನ್ನು ಚಲನಚಿತ್ರ ಚರಿತ್ರಕಾರರು ಸಾಕಷ್ಟು ಚರ್ಚಿಸಿದ್ದಾರೆ. ಪ್ರಸ್ತುತ ಪ್ರಬಂಧದ ಉದ್ದೇಶ ಬೇರೆ. ಒಂದು ವದಂತಿ ಐತಿಹ್ಯವಾಗಿ, ಐತಿಹ್ಯ ಕಥೆಯಾಗಿ, ಕಥೆ ನಾಟಕವಾಗಿ, ಕೊನೆಗೆ ಚಲನಚಿತ್ರವಾಗಿ ಸಾಗಿದ ದಾರಿಯನ್ನು ಗುರುತಿಸುವುದು, ಮತ್ತು ಈ ದಾರಿಯಲ್ಲಿ ‘ಅಪಾಯ ಎಲ್ಲಿದೆ?’ ಎಂಬ ಪ್ರಶ್ನೆಗೆ ದೊರೆತ ಉತ್ತರ ಹೇಗೆ ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

1. ಬಾಡಿಗೆ ಹಾಸಿಗೆಯ ಲೋಕ

ಐತಿಹ್ಯದ ಮೂಲ 1888ರ ಲಂಡನ್. ಆ ವರ್ಷದ ಆಗಸ್ಟ್ 31ರಿಂದ ನವೆಂಬರ್ 9ರ ಒಳಗೆ ನಗರದ ಪೂರ್ವಭಾಗದ ವೈಟ್‌ಚಾಪೆಲ್ ಮತ್ತು ಅದರ ಆಸುಪಾಸಿನಲ್ಲಿ ಐವರು ಮಹಿಳೆಯರು ಕೊಲೆಯಾದರು. ಕೊಲೆಗಾರ ಯಾರೆಂಬುದು ಸಿದ್ಧವಾಗಲಿಲ್ಲ. ಸೆಪ್ಟೆಂಬರ್ 25ರ ದಿನಾಂಕ ಹೊತ್ತು ಒಂದು ಸುದ್ದಿಸಂಸ್ಥೆಗೆ ಬಂದ ಪತ್ರದ ಕೆಳಗಿದ್ದ ‘ಜ್ಯಾಕ್ ದ ರಿಪ್ಪರ್’ ಎಂಬ ಸಹಿಯೇ ಅವನ ಹೆಸರಾಗಿ ನಿಂತಿತು. ಆ ಪತ್ರವನ್ನು ಕೊಲೆಗಾರನೇ ಬರೆದನೆಂಬುದಕ್ಕೆ ಆಧಾರವಿಲ್ಲ. ಹೆಸರೂ ಐತಿಹ್ಯದ ಭಾಗವೇ ಎಂಬುದನ್ನು ಗಮನಿಸಬೇಕು.

ಈ ಪ್ರಕರಣವನ್ನು ಕೊಲೆಗಾರನ ಕಡೆಯಿಂದ ನೋಡುವುದು ರೂಢಿ. ಸತ್ತವರ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಪೊಲೀಸರ 1888ರ ಅಕ್ಟೋಬರ್ ತಿಂಗಳ ವರದಿಯಂತೆ ವೈಟ್‌ಚಾಪೆಲ್ ವಿಭಾಗದಲ್ಲಿ 233 ಸಾರ್ವಜನಿಕ ವಸತಿಗೃಹಗಳಿದ್ದವು. ಅವುಗಳಲ್ಲಿ ಸುಮಾರು 8,530 ಜನರು ಮಲಗಬಹುದಾಗಿತ್ತು. ಒಂದು ರಾತ್ರಿಯ ಹಾಸಿಗೆಗೆ ನಾಲ್ಕು ಪೆನ್ಸ್. ಮೊದಲ ಬಲಿಯಾದ ಮೇರಿ ಆನ್ ನಿಕೋಲ್ಸ್ ಆ ರಾತ್ರಿ ನಾಲ್ಕು ಪೆನ್ಸ್ ಇಲ್ಲದ ಕಾರಣ ವಸತಿಗೃಹದಿಂದ ಹೊರಕ್ಕೆ ಕಳುಹಿಸಲ್ಪಟ್ಟವಳು. ಎಂಟು ದಿನಗಳ ನಂತರ ಆ್ಯನಿ ಚಾಪ್‌ಮನ್ ಕೂಡ ಇದೇ ಕಾರಣಕ್ಕೆ ಬೀದಿಗೆ ಬಿದ್ದಳು. ಕೊನೆಯ ಬಲಿ ಮೇರಿ ಜೇನ್ ಕೆಲ್ಲಿಗೆ ಮಾತ್ರ ತನ್ನದೆನ್ನುವ ಬಾಡಿಗೆ ಕೋಣೆ ಇತ್ತು. ಅವಳು ಕೊಲೆಯಾದದ್ದು ಆ ಕೋಣೆಯಲ್ಲಿಯೇ. 29 ಷಿಲಿಂಗ್ ಬಾಡಿಗೆ ಬಾಕಿ ಇತ್ತು. ಬೆಳಿಗ್ಗೆ ಕಿಟಕಿಯಿಂದ ಶವವನ್ನು ಮೊದಲು ಕಂಡವನು ಬಾಕಿ ವಸೂಲಿಗೆಂದು ಬಂದ ಮಾಲೀಕನ ಆಳು.

ಅಂದರೆ ಈ ಪ್ರಕರಣದ ಚಾರಿತ್ರಿಕ ತಿರುಳು ಸೂರಿನ ಅಭಾವ. ಮಲಗಲು ಸ್ಥಳವಿಲ್ಲದವರು, ಇದ್ದ ಸ್ಥಳದ ಬಾಡಿಗೆ ಕಟ್ಟಲಾಗದವರು ಇಲ್ಲಿ ಸತ್ತವರು. ಮುಂದೆ ಬೆಳೆದ ಐತಿಹ್ಯ ಈ ಸಂಗತಿಯನ್ನು ತಲೆಕೆಳಗು ಮಾಡಿತು. ಅದರಲ್ಲಿ ಬಾಡಿಗೆಯನ್ನು ಚಿನ್ನದ ನಾಣ್ಯದಲ್ಲಿ ಮುಂಗಡವಾಗಿ ಕೊಡುವ ಸಭ್ಯ ಪುರುಷನೊಬ್ಬ ಬರುತ್ತಾನೆ, ಭಯಪಡುವವಳು ಮನೆಯೊಡತಿ, ಸತ್ತ ಹೆಂಗಸರು ಪತ್ರಿಕೆಯ ಸುದ್ದಿಯಾಗಿ ಬಾಗಿಲ ಆಚೆಗೇ ಉಳಿಯುತ್ತಾರೆ.

2. ವದಂತಿಯಿಂದ ಐತಿಹ್ಯಕ್ಕೆ

ವದಂತಿ ಮೊದಲು ಹಿಡಿದದ್ದು ಪರದೇಶದವರನ್ನು. ಪೂರ್ವ ಯುರೋಪಿನಿಂದ ಬಂದು ಈಸ್ಟ್ ಎಂಡ್‌ನಲ್ಲಿ ನೆಲೆಸಿದ್ದ ಯಹೂದಿ ಕುಶಲಕರ್ಮಿಗಳ ಮೇಲೆ ಜನರ ಕಣ್ಣು ಬಿತ್ತು. ‘ಚರ್ಮದ ಮುಂಗಚ್ಚೆಯವನು’ ಎಂಬ ಅಡ್ಡಹೆಸರಿನ ವ್ಯಕ್ತಿಯೇ ಕೊಲೆಗಾರನೆಂಬ ಗಾಳಿಸುದ್ದಿ ಹಬ್ಬಿ, ಜಾನ್ ಪೈಜರ್ ಎಂಬ ಯಹೂದಿ ಪಾದರಕ್ಷೆ ತಯಾರಕನನ್ನು ಸೆಪ್ಟೆಂಬರ್ 10ರಂದು ಬಂಧಿಸಲಾಯಿತು. ಕೊಲೆಯ ಹೊತ್ತುಗಳಲ್ಲಿ ಅವನು ಬೇರೆಡೆ ಇದ್ದುದು ರುಜುವಾತಾಗಿ ಬಿಡುಗಡೆಯಾಯಿತು. ಸೆಪ್ಟೆಂಬರ್ 30ರ ಬೆಳಗಿನ ಜಾವ ಗೋಲ್‌ಸ್ಟನ್ ಬೀದಿಯ ಗೋಡೆಯೊಂದರ ಮೇಲೆ ಯಹೂದಿಗಳನ್ನು ಕುರಿತ ಸೀಮೆಸುಣ್ಣದ ಬರಹ ಕಂಡಾಗ, ಬೆಳಕು ಹರಿದರೆ ಗಲಭೆಯಾದೀತೆಂಬ ಭಯದಿಂದ ಪೊಲೀಸ್ ಆಯುಕ್ತ ಸರ್ ಚಾರ್ಲ್ಸ್ ವಾರನ್ ಅದನ್ನು ಒರೆಸಿಹಾಕಿಸಿದ. ಸಾಕ್ಷ್ಯವೊಂದನ್ನು ಕಳೆದುಕೊಂಡರೂ ಸರಿ, ಗುಂಪು ಸೇರಬಾರದು ಎಂಬುದು ಆ ತೀರ್ಮಾನದ ಹಿಂದಿನ ಲೆಕ್ಕ.

ಇದೇ ಹೊತ್ತಿಗೆ ಪೊಲೀಸರು ಕೈಗೊಂಡ ಇನ್ನೊಂದು ಕ್ರಮ ಐತಿಹ್ಯದ ಬೆಳವಣಿಗೆಗೆ ನೇರ ಕಾರಣವಾಯಿತೆನ್ನಬಹುದು. ಅನುಮಾನ ಬರುವಂತಹ ವ್ಯಕ್ತಿ ಯಾರಾದರೂ ತಿಳಿದಿದ್ದರೆ ಕೂಡಲೇ ಠಾಣೆಗೆ ತಿಳಿಸಬೇಕೆಂದು ಕೋರಿ ಮನೆವಾರ್ತೆಯವರ ಹೆಸರಿನಲ್ಲಿ 80,000 ಕರಪತ್ರಗಳನ್ನು ಹಂಚಲಾಯಿತು. ಮನೆಮನೆಯ ವಿಚಾರಣೆ ನಡೆಯಿತು. ವಸತಿಗೃಹಗಳಲ್ಲಿ ತಂಗಿದ್ದ 2,000ಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಲಾಯಿತು. ಪ್ರತಿಯೊಂದು ಮನೆಯೊಡತಿಯೂ ಒಂದು ಕ್ಷಣ ಮಹಡಿಯ ಮೆಟ್ಟಿಲಿನತ್ತ ನೋಡುವಂತೆ ಈ ಕಾಗದ ಮಾಡಿತು. ಆತ ರಾತ್ರಿ ಎಷ್ಟು ಹೊತ್ತಿಗೆ ಬಂದ? ಅಂಗಿಯ ಮೇಲಿನ ಕಲೆ ಯಾವುದು? ಆ ಚೀಲದಲ್ಲಿ ಏನಿದೆ? ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಗಳಿಗೆ ಸರ್ಕಾರದ ಮುದ್ರೆ ಬಿದ್ದಿತು. ಅಕ್ಟೋಬರ್ ತಿಂಗಳಲ್ಲಿಯೇ ಬ್ಯಾಟಿ ಬೀದಿಯ ಜರ್ಮನ್ ಮನೆಯೊಡತಿಯೊಬ್ಬಳು ಒಗೆಯಲು ಬಂದ ಅಂಗಿಯಲ್ಲಿ ರಕ್ತದ ಕಲೆ ಕಂಡಳೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು.

ಲಿಂಡಾ ಡೇಗ್ ಅವರು ವಿವರಿಸಿರುವಂತೆ ಐತಿಹ್ಯವು ಸಿದ್ಧ ನಂಬಿಕೆಯ ನಿರೂಪಣೆಗಿಂತ ನಂಬಿಕೆಯನ್ನು ಕುರಿತ ವಾಗ್ವಾದ. ‘ಹೀಗಾಗಿರಬಹುದೇ?’ ಎಂಬ ಪ್ರಶ್ನೆಯೇ ಅದರ ಉಸಿರು. ಬಾಡಿಗೆಯವನ ಐತಿಹ್ಯ ಇದಕ್ಕೆ ಸ್ಪಷ್ಟ ನಿದರ್ಶನ. ಇದರ ಪಾಠಾಂತರಗಳಲ್ಲಿ ಕೆಲವು ಆಶಯಗಳು ಮರಳಿ ಮರಳಿ ಬರುತ್ತವೆ: ಅಪರಾತ್ರಿಯ ಸಂಚಾರ, ಸದ್ದಾಗದ ಪಾದರಕ್ಷೆ, ಸುಟ್ಟುಹಾಕಿದ ಬಟ್ಟೆ, ಬೀಗ ಹಾಕಿದ ಚೀಲ, ಧಾರ್ಮಿಕ ಉನ್ಮಾದ, ಹೇಳದೆ ಹೊರಟುಹೋಗುವಿಕೆ. ಮನೋವೈದ್ಯ ಎಲ್. ಫೋರ್ಬ್ಸ್ ವಿನ್ಸ್‌ಲೋ ಇಂತಹ ಒಬ್ಬ ಬಾಡಿಗೆದಾರನೇ ಕೊಲೆಗಾರನೆಂದು ವರ್ಷಗಟ್ಟಲೆ ವಾದಿಸಿದ. ಚಿತ್ರಕಾರ ವಾಲ್ಟರ್ ಸಿಕರ್ಟ್ ತಾನಿದ್ದ ಕೋಣೆಯಲ್ಲಿ ಹಿಂದೆ ಒಬ್ಬ ಕೃಶಕಾಯದ ಪಶುವೈದ್ಯ ವಿದ್ಯಾರ್ಥಿ ಇದ್ದನೆಂದೂ, ಅವನೇ ಆ ಕೊಲೆಗಾರನೆಂದು ಮನೆಯೊಡತಿ ಹೇಳಿದಳೆಂದೂ ಗೆಳೆಯರಿಗೆ ಕಥೆ ಹೇಳುತ್ತಿದ್ದ. ಆ ಕಥೆಯನ್ನು ಆಸ್ಬರ್ಟ್ ಸಿಟ್‌ವೆಲ್ ದಾಖಲಿಸಿದ್ದಾನೆ. 1907ರ ಸುಮಾರಿಗೆ ಸಿಕರ್ಟ್ ಬರೆದ ಮಬ್ಬುಗತ್ತಲಿನ ಕೋಣೆಯ ಚಿತ್ರ ಈಗ ಮ್ಯಾಂಚೆಸ್ಟರ್ ಕಲಾಶಾಲೆಯಲ್ಲಿದೆ.

ಈ ಆಶಯಗಳ ಬೇರು ಇನ್ನೂ ಹಳೆಯದು. ಮದುವೆಯಾಗಲು ಬಂದ ಸುಂದರ ಅಪರಿಚಿತ ನಿಜದಲ್ಲಿ ಕೊಲೆಗಡುಕನಾಗಿರುವ ‘ದರೋಡೆಕೋರ ಮದುಮಗ’ನ ಕಥೆ (ಆರ್ನೆ–ಥಾಂಪ್ಸನ್–ಉಥರ್ ವರ್ಗ 955) ಗ್ರಿಮ್ ಸಹೋದರರ ಸಂಗ್ರಹದಲ್ಲಿದೆ. ತೆರೆಯಬಾರದ ಕೋಣೆಯ ನೀಲಿಗಡ್ಡದವನ ಕಥೆಯನ್ನು (ವರ್ಗ 312) ಪೆರೋ 1697ರಲ್ಲಿಯೇ ಅಚ್ಚು ಹಾಕಿಸಿದ್ದ. ಆದರೆ ಕಾಲ್ಪನಿಕ ಕಥೆಯಲ್ಲಿ ಬಾಗಿಲು ತೆರೆಯುತ್ತದೆ, ಸತ್ಯ ಕಾಣುತ್ತದೆ. ಐತಿಹ್ಯದಲ್ಲಿ ಬಾಗಿಲು ತೆರೆಯುವುದೇ ಇಲ್ಲ. ಬಾಡಿಗೆದಾರ ಹೊರಟುಹೋದ ಮೇಲೆ ಉಳಿಯುವುದು ಖಾಲಿ ಕೋಣೆ ಮತ್ತು ಮನೆಯೊಡತಿಯ ಮಾತು.

3. ಮೌನದ ಬೆಲೆ

ಮೇರಿ ಬೆಲಾಕ್ ಲೌಂಡಸ್ (1868–1947) ಈ ಐತಿಹ್ಯವನ್ನು ಕೇಳಿದ್ದು ಒಂದು ಔತಣಕೂಟದಲ್ಲಿ. ತನ್ನ ತಾಯಿಯ ಮನೆಯಲ್ಲಿ ಕೆಲಸಕ್ಕಿದ್ದ ಬಟ್ಲರ್ ಮತ್ತು ಅಡುಗೆಯವಳು ಮದುವೆಯಾಗಿ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದರೆಂದೂ, ಆ ಕೊಲೆಗಾರ ತಮ್ಮ ಸೂರಿನಡಿ ತಂಗಿದ್ದನೆಂದು ಅವರು ದೃಢವಾಗಿ ನಂಬಿದ್ದರೆಂದೂ ಒಬ್ಬ ವ್ಯಕ್ತಿ ಪಕ್ಕದವರಿಗೆ ಹೇಳುತ್ತಿದ್ದುದನ್ನು ಆಕೆ ತನ್ನ ದಿನಚರಿಯಲ್ಲಿ ನೆನೆದಿದ್ದಾಳೆ. ಹೇಳಿದವನು ಕಂಡವನಲ್ಲ, ಅವನ ತಾಯಿಯ ಮನೆಯ ಆಳುಗಳಿಗೆ ಆದದ್ದು. ‘ಗೆಳೆಯನ ಗೆಳೆಯನಿಗೆ’ ಆಯಿತೆನ್ನುವ ನಗರ ಐತಿಹ್ಯದ ಪ್ರಸಾರಕ್ರಮವೇ ಇಲ್ಲಿಯೂ ಇದೆ. ಆಕೆ ಬರೆದ ಸಣ್ಣಕಥೆ 1911ರ ಜನವರಿಯಲ್ಲಿ ‘ಮೆಕ್‌ಕ್ಲೂರ್ಸ್’ ಪತ್ರಿಕೆಯಲ್ಲಿಯೂ, ಅದರ ವಿಸ್ತೃತ ರೂಪವಾದ ಕಾದಂಬರಿ 1913ರಲ್ಲಿಯೂ ಪ್ರಕಟವಾದವು.

ಕಾದಂಬರಿಯ ಬಂಟಿಂಗ್ ದಂಪತಿಗಳು ಸಿರಿವಂತರ ಮನೆಯ ಚಾಕರಿ ಬಿಟ್ಟು ಬಂದವರು. ಕೋಣೆಗಳು ಖಾಲಿ ಬಿದ್ದಿವೆ, ಅಡವಿಡಲು ಇನ್ನೇನೂ ಉಳಿದಿಲ್ಲ, ಹಸಿವು ಬಾಗಿಲಲ್ಲಿದೆ. ಆಗ ಸ್ಲೂತ್ ಎಂಬ ಏಕಾಂಗಿ ಬರುತ್ತಾನೆ. ಮೃದು ಮಾತು, ಸಭ್ಯ ನಡತೆ, ಕೈಯಲ್ಲಿ ಒಂದು ಚೀಲ, ಬಾಡಿಗೆ ಮುಂಗಡ. ಗೋಡೆಯ ಮೇಲಿನ ಹೆಂಗಸರ ಚಿತ್ರಗಳನ್ನು ಆತ ಗೋಡೆಯತ್ತ ತಿರುಗಿಸುತ್ತಾನೆ. ಎಲೆನ್ ಬಂಟಿಂಗ್‌ಗೆ ಬಹುಬೇಗ ಅನುಮಾನ ಹುಟ್ಟುತ್ತದೆ. ಆದರೆ ಆಕೆ ಯಾರಿಗೂ ಹೇಳುವುದಿಲ್ಲ; ಮನೆಗೆ ಬಂದುಹೋಗುವ ಪೊಲೀಸ್ ತರುಣನಿಗೂ ಹೇಳುವುದಿಲ್ಲ. ಹೇಳಿದರೆ ಬಾಡಿಗೆ ನಿಲ್ಲುತ್ತದೆ. ಈ ಮೌನವೇ ಕಾದಂಬರಿಯ ನಿಜವಾದ ವಸ್ತು. ಇಲ್ಲಿ ಬಾಡಿಗೆದಾರ ಕೊಲೆಗಾರನೇ ಹೌದು. ಆದರೆ ಓದುಗನ ಗಮನ ನಿಲ್ಲುವುದು ತಿಳಿದೂ ತಿಳಿಯದಂತಿರುವ ಮನೆಯೊಡತಿಯ ಮನಸ್ಸಿನಲ್ಲಿ. ಇನ್ನೊಂದು ರಾತ್ರಿ, ಇನ್ನೊಬ್ಬ ಹೆಂಗಸು, ಮತ್ತು ಮರುದಿನ ಬೆಳಿಗ್ಗೆ ಅದೇ ತಟ್ಟೆಯಲ್ಲಿ ಅವನಿಗೆ ಉಪಾಹಾರ. 1888ರಲ್ಲಿ ನಾಲ್ಕು ಪೆನ್ಸ್ ಇಲ್ಲದ ಹೆಂಗಸರ ಮೇಲೆ ಮುಚ್ಚಿಕೊಂಡ ಬಾಗಿಲಿನ ನೆನಪು ಈ ಕಾದಂಬರಿಯಲ್ಲಿ ಬೇರೊಂದು ರೂಪದಲ್ಲಿ ಮರಳಿದೆ: ಯಾರ ಬಳಿ ಬಾಡಿಗೆ ಇದೆಯೋ ಅವನಿಗೆ ಬಾಗಿಲು ತೆರೆದಿರುತ್ತದೆ.

1915ರಲ್ಲಿ ಎಚ್. ಎ. ವಾಚೆಲ್ ಇದನ್ನು ‘ಹೂ ಈಸ್ ಹಿ?’ ಎಂಬ ಹಾಸ್ಯ ಛಾಯೆಯ ನಾಟಕವನ್ನಾಗಿ ಮಾಡಿದ. ತಾನು ಈ ನಾಟಕವನ್ನು ನೋಡಿದ್ದಾಗಿ ಹಿಚ್‌ಕಾಕ್ ಮುಂದೆ ಫ್ರಾಂಸ್ವಾ ಟ್ರುಫೋ ಜೊತೆಗಿನ ಸಂದರ್ಶನದಲ್ಲಿ ಹೇಳಿದ್ದಾನೆ.

4. ಮಂಜು, ಸುದ್ದಿ, ಮೇಲ್ಛಾವಣಿ

ಈಸ್ಟ್ ಎಂಡ್‌ಗೆ ಸಮೀಪದ ಲೇಟನ್‌ಸ್ಟನ್‌ನಲ್ಲಿ ತರಕಾರಿ ವ್ಯಾಪಾರಿಯ ಮಗನಾಗಿ 1899ರಲ್ಲಿ ಹುಟ್ಟಿದ ಹಿಚ್‌ಕಾಕ್, ಜರ್ಮನಿಯ ಚಿತ್ರಾಗಾರಗಳಲ್ಲಿ ಕೆಲಸ ಕಲಿತು ಬಂದು 1926ರಲ್ಲಿ ಗೇನ್ಸ್‌ಬರೋ ಸಂಸ್ಥೆಗಾಗಿ ಈ ಚಿತ್ರವನ್ನು ತೆಗೆದ. ನಿರ್ಮಾಪಕ ಮೈಕಲ್ ಬಾಲ್ಕನ್, ಚಿತ್ರಕಥೆ ಎಲಿಯಟ್ ಸ್ಟ್ಯಾನರ್ಡ್. ಬಾಡಿಗೆದಾರನ ಪಾತ್ರ ವೇಲ್ಸ್ ಮೂಲದ ಜನಪ್ರಿಯ ನಟ ಐವರ್ ನವೆಲ್ಲೋನದು. ಸಿದ್ಧವಾದ ಚಿತ್ರವನ್ನು ವಿತರಕ ಸಿ. ಎಂ. ವುಲ್ಫ್ ಒಪ್ಪಲಿಲ್ಲ. ಆಗ ಐವರ್ ಮಾಂಟೆಗುವನ್ನು ಕರೆಸಲಾಯಿತು. ಅವನು ಬರಹದ ಫಲಕಗಳನ್ನು ಸುಮಾರು 80ಕ್ಕೆ ಇಳಿಸಿದ, ಕೆಲವು ದೃಶ್ಯಗಳನ್ನು ಮತ್ತೆ ತೆಗೆಯಲು ಸೂಚಿಸಿದ. ಇ. ಮೆಕ್‌ನೈಟ್ ಕಾಫರ್ ಫಲಕಗಳಿಗೆ ವಿನ್ಯಾಸ ಮಾಡಿದ. 1926ರ ಸೆಪ್ಟೆಂಬರ್‌ನಲ್ಲಿ ಉದ್ಯಮದವರಿಗೆ ತೋರಿಸಲಾದ ಚಿತ್ರ 1927ರ ಫೆಬ್ರವರಿಯಲ್ಲಿ ಸಾರ್ವಜನಿಕ ಪ್ರದರ್ಶನ ಕಂಡಿತು. ‘ಲಂಡನ್ ಮಂಜಿನ ಒಂದು ಕಥೆ’ ಎಂಬುದು ಅದರ ಉಪಶೀರ್ಷಿಕೆ.

ಜಾನಪದದ ದೃಷ್ಟಿಯಿಂದ ಮಹತ್ವದ್ದು ಚಿತ್ರದ ಆರಂಭದ ಭಾಗ. ಹೊಂಗೂದಲಿನ ತರುಣಿಯೊಬ್ಬಳ ಚೀರುವ ಮುಖದಿಂದ ಚಿತ್ರ ತೊಡಗುತ್ತದೆ. ಮಂಗಳವಾರಗಳಂದು ಹೊಂಗೂದಲಿನವರನ್ನೇ ಕೊಲ್ಲುವ, ‘ಸೇಡಿನವನು’ ಎಂದು ಕರೆದುಕೊಂಡ ಕೊಲೆಗಾರನ ಏಳನೆಯ ಬಲಿ ಅವಳು. ಆಮೇಲೆ ಬರುವುದು ತನಿಖೆಯಲ್ಲ, ಸುದ್ದಿಯ ಪಯಣ. ಕಂಡ ಹೆಂಗಸು ಹೇಳುತ್ತಾಳೆ: ಎತ್ತರದ ಮನುಷ್ಯ, ಮುಖಕ್ಕೆ ಬಟ್ಟೆ ಸುತ್ತಿತ್ತು. ಕೂಡಲೇ ಗುಂಪಿನಲ್ಲಿದ್ದ ಒಬ್ಬ ತಮಾಷೆಗಾಗಿ ಕೋಟಿನ ಕೊರಳಪಟ್ಟಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಅವಳು ಮತ್ತೆ ಬೆಚ್ಚಿಬೀಳುತ್ತಾಳೆ. ಮಾತು ದೂರವಾಣಿಗೆ, ಅಲ್ಲಿಂದ ಅಚ್ಚಿನ ಯಂತ್ರಕ್ಕೆ, ಪತ್ರಿಕೆಯ ವಾಹನಕ್ಕೆ, ಬೆಳಕಿನ ಅಕ್ಷರಗಳಿಗೆ, ರೇಡಿಯೋಗೆ ಸಾಗುತ್ತದೆ. ಸುದ್ದಿವಾಹನದ ಹಿಂಬದಿಯ ಎರಡು ದುಂಡು ಕಿಟಕಿಗಳು ಅತ್ತಿತ್ತ ಹೊರಳುವ ಕಣ್ಣುಗಳಂತೆ ಕಾಣುತ್ತವೆ. ಎಲುಬಿಲ್ಲದ ನಾಲಿಗೆಗೆ ಯಂತ್ರದ ಎಲುಬು ಬಂದಾಗ ಏನಾಗುತ್ತದೆಂಬುದನ್ನು ಈ ಮೂಕಿ ಚಿತ್ರ ಕೆಲವೇ ನಿಮಿಷಗಳಲ್ಲಿ ತೋರಿಸಿದೆ.

ಈ ಸುದ್ದಿಯೆಲ್ಲ ಹರಡಿದ ಮೇಲೆಯೇ ಬಾಡಿಗೆದಾರ ಬರುತ್ತಾನೆ. ಮನೆಯ ಅನಿಲದೀಪಗಳು ಮಂಕಾಗುತ್ತವೆ. ಮೀಟರಿಗೆ ನಾಣ್ಯ ಹಾಕಬೇಕಾಗಿದೆ. ಬಾಗಿಲು ತೆರೆದರೆ ಮಂಜಿನಲ್ಲಿ ಎತ್ತರದ ಆಕೃತಿ, ಮುಖಕ್ಕೆ ಸುತ್ತಿದ ಬಟ್ಟೆ. ನೋಡುಗ ಆತನನ್ನು ಗುರುತಿಸಿಬಿಡುತ್ತಾನೆ, ಏಕೆಂದರೆ ವರ್ಣನೆ ಆಗಲೇ ಕಿವಿಗೆ ಬಿದ್ದಿದೆ. ಮುಖಕ್ಕಿಂತ ಮೊದಲು ಐತಿಹ್ಯ ಬಂದು ಕುಳಿತಿದೆ.

ಚಿತ್ರದ ಪ್ರಸಿದ್ಧ ದೃಶ್ಯವೊಂದರಲ್ಲಿ ಕೆಳಗಿನ ಕೋಣೆಯಲ್ಲಿ ಕುಳಿತವರು ತಲೆಯೆತ್ತಿ ನೋಡುತ್ತಾರೆ. ದೀಪದ ಗೊಂಚಲು ನಡುಗುತ್ತಿದೆ. ಮೇಲ್ಛಾವಣಿ ಕ್ರಮೇಣ ಪಾರದರ್ಶಕವಾಗಿ ಮೇಲಿನ ಕೋಣೆಯಲ್ಲಿ ಶತಪಥ ಹಾಕುವವನ ಅಂಗಾಲುಗಳು ಕಾಣುತ್ತವೆ. ದಪ್ಪ ಗಾಜಿನ ಹಲಗೆಯ ಮೇಲೆ ನಟನನ್ನು ನಡೆಸಿ ಕೆಳಗಿನಿಂದ ಚಿತ್ರೀಕರಿಸಿದ ದೃಶ್ಯವಿದು. ಶಬ್ದವಿಲ್ಲದ ಚಿತ್ರದಲ್ಲಿ ಹೆಜ್ಜೆಯ ಸಪ್ಪಳವನ್ನು ಕಾಣಿಸುವ ತಂತ್ರವೆಂದು ಇದನ್ನು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅದಕ್ಕಿಂತ ಹೆಚ್ಚಿನ ಅರ್ಥವೂ ಇದಕ್ಕಿದೆ. ಛಾವಣಿ ನಿಜವಾಗಿ ಪಾರದರ್ಶಕವಾಗುವುದಿಲ್ಲ. ಕೆಳಗಿನವರ ಅನುಮಾನ ಅದನ್ನು ಹಾಗೆ ಮಾಡುತ್ತದೆ. ಕಾಣುತ್ತಿರುವುದು ಬಾಡಿಗೆದಾರನಲ್ಲ, ಮನೆಯವರ ಮನಸ್ಸು. 1919ರ ತನ್ನ ಪ್ರಬಂಧದಲ್ಲಿ ಸಿಗ್ಮಂಡ್ ಫ್ರಾಯ್ಡ್, ಭಯಾನಕವಾದುದು ತೀರ ಹೊರಗಿನದಲ್ಲ, ಒಂದು ಕಾಲಕ್ಕೆ ಮನೆಯದೇ ಆಗಿದ್ದು ಅದುಮಿಡಲ್ಪಟ್ಟದ್ದು ಎಂದು ವಾದಿಸಿದ್ದ. ಗಾಜಿನ ಛಾವಣಿ ಆ ವಾದದ ದೃಶ್ಯರೂಪದಂತಿದೆ.

5. ಕೈಕೋಳ ಮತ್ತು ಕಬ್ಬಿಣದ ಬೇಲಿ

ಮನೆಯ ಮಗಳು ಡೇಯ್ಸಿ ಬಾಡಿಗೆದಾರನಿಗೆ ಮನಸೋಲುತ್ತಾಳೆ. ಅವಳನ್ನು ಬಯಸಿದ ಪೊಲೀಸ್ ಪತ್ತೇದಾರ ಜೋ ಅಸೂಯೆಯ ಕಣ್ಣಿನಿಂದ ಅವನನ್ನು ನೋಡತೊಡಗುತ್ತಾನೆ. ಕೋಣೆಯನ್ನು ಶೋಧಿಸಿದಾಗ ಚೀಲದಲ್ಲಿ ಪಿಸ್ತೂಲು, ಕೊಲೆಗಳ ಸ್ಥಳ ಗುರುತಿಸಿದ ನಕಾಶೆ, ಪತ್ರಿಕೆಯ ತುಣುಕುಗಳು, ಹೊಂಗೂದಲಿನ ತರುಣಿಯ ಭಾವಚಿತ್ರ ದೊರೆಯುತ್ತವೆ. ಐತಿಹ್ಯ ಕೇಳಿದ್ದಕ್ಕೆಲ್ಲ ಸಾಕ್ಷ್ಯ ಸಿಕ್ಕಂತಾಯಿತು. ಆದರೆ ಆ ಭಾವಚಿತ್ರ ಅವನ ತಂಗಿಯದು. ಕೊಲೆಗಾರನ ಮೊದಲ ಬಲಿ ಅವಳು; ಅಣ್ಣ ಹಂತಕನನ್ನು ಹುಡುಕಿ ಹೊರಟವನು. ಒಂದೇ ವಸ್ತುಗಳು, ಎರಡು ಕಥೆಗಳು.

ಕೈಕೋಳದೊಂದಿಗೆ ತಪ್ಪಿಸಿಕೊಂಡ ಅವನಿಗೆ ಡೇಯ್ಸಿ ಪಾನಗೃಹವೊಂದರಲ್ಲಿ ಬ್ರಾಂದಿ ಕುಡಿಸುತ್ತಾಳೆ. ಅವನ ಕೈಗಳು ಮೇಲಂಗಿಯೊಳಗೇ ಇರುವುದು ಅಲ್ಲಿದ್ದವರ ಕಣ್ಣಿಗೆ ಬೀಳುತ್ತದೆ. ಅಷ್ಟು ಸಾಕು. ಗುಂಪು ಬೆನ್ನಟ್ಟುತ್ತದೆ. ಬೇಲಿ ಹತ್ತಿ ಇಳಿಯುವಾಗ ಕೈಕೋಳ ಕಬ್ಬಿಣದ ಮೊನೆಗೆ ಸಿಕ್ಕಿಕೊಂಡು ಅವನು ನೇತಾಡುತ್ತಾನೆ; ಮೇಲಿನಿಂದಲೂ ಕೆಳಗಿನಿಂದಲೂ ಕೈಗಳು ಅವನನ್ನು ಹೊಡೆಯುತ್ತವೆ, ಎಳೆಯುತ್ತವೆ. ನಿಜವಾದ ಕೊಲೆಗಾರ ಸಿಕ್ಕಿಬಿದ್ದ ಸುದ್ದಿ ಅಷ್ಟರಲ್ಲಿ ಬರುತ್ತದೆ. ಅವನನ್ನು ಕೋಳಕ್ಕೆ ಒಪ್ಪಿಸಿದ ಜೋನೇ ಈಗ ಗುಂಪಿನಿಂದ ಬಿಡಿಸಲು ಹೆಣಗುತ್ತಾನೆ. ಗಮನಿಸಬೇಕಾದ ಸಂಗತಿಯೆಂದರೆ ಆ ನಿಜವಾದ ಕೊಲೆಗಾರನ ಮುಖವನ್ನು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ. ನೋಡುಗನ ಕಣ್ಣೆದುರು ನಡೆಯುವ, ಹಲವರು ಒಟ್ಟಾಗಿ ಎಸಗುವ ಹಿಂಸೆ ಇದೊಂದೇ. ಐತಿಹ್ಯವನ್ನು ಹೇಳುವುದರಿಂದ ಅದನ್ನು ನಡೆಸುವುದಕ್ಕೆ ಜನ ದಾಟಬಲ್ಲರು ಎಂಬುದನ್ನು ಡೇಗ್ ಮತ್ತು ಆಂಡ್ರ್ಯೂ ವಾಜೋನಿ 1983ರಲ್ಲಿ ಸೈದ್ಧಾಂತಿಕವಾಗಿ ಮಂಡಿಸಿದರು. ಹಿಚ್‌ಕಾಕ್‌ನ ಬೇಲಿಯ ದೃಶ್ಯದಲ್ಲಿ ಆ ದಾಟುವಿಕೆ ಅರ್ಧ ಶತಮಾನಕ್ಕೂ ಮೊದಲೇ ಕಾಣಿಸಿಕೊಂಡಿದೆ.

ಈ ತಿರುವು ಪೂರ್ಣವಾಗಿ ನಿರ್ದೇಶಕನ ಆಯ್ಕೆಯೇನೂ ಆಗಿರಲಿಲ್ಲ. ಬಾಡಿಗೆದಾರ ಕತ್ತಲೆಯಲ್ಲಿ ನಡೆದುಹೋಗಿ, ಅವನು ಯಾರೆಂಬುದು ಕೊನೆಗೂ ತಿಳಿಯಬಾರದು ಎಂದು ತಾನು ಬಯಸಿದ್ದಾಗಿ ಹಿಚ್‌ಕಾಕ್ ಟ್ರುಫೋಗೆ ಹೇಳಿದ್ದಾನೆ. ನವೆಲ್ಲೋನಂತಹ ಜನಪ್ರಿಯ ನಟ ಕೊಲೆಗಾರನಾಗುವುದು ಸಾಧ್ಯವಿರಲಿಲ್ಲ. ಹೀಗಾಗಿ ಮಾರುಕಟ್ಟೆಯ ಒತ್ತಾಯದಿಂದ ಬಾಡಿಗೆದಾರ ನಿರಪರಾಧಿಯಾದ. ಆದರೆ ಅವನು ನಿರಪರಾಧಿಯಾದ ಕೂಡಲೇ ಅನುಮಾನಕ್ಕೆ ಬೇರೆ ನೆಲೆ ಬೇಕಾಯಿತು. ಅದು ಮನೆಯವರತ್ತ, ಪೊಲೀಸನತ್ತ, ಗುಂಪಿನತ್ತ ಮತ್ತು ಅದುವರೆಗೆ ಅವನನ್ನೇ ಅನುಮಾನಿಸಿದ್ದ ನೋಡುಗನತ್ತ ತಿರುಗಿತು. ತಪ್ಪು ಮಾಡದವನು ಬೇಟೆಗೊಳಗಾಗುವ ವಸ್ತು ಹಿಚ್‌ಕಾಕ್‌ನ ಮುಂದಿನ ಚಿತ್ರಗಳ ಉದ್ದಕ್ಕೂ ಹರಿದದ್ದು ಇಲ್ಲಿಂದ. ಈ ಬಾಡಿಗೆದಾರ ಪೂರ್ತಿ ನಿರ್ಮಲನೂ ಅಲ್ಲ. ಪಿಸ್ತೂಲು ಹಿಡಿದು ಹಂತಕನನ್ನು ಅರಸುತ್ತಿದ್ದ ಅವನೂ ಒಬ್ಬ ‘ಸೇಡಿನವನು’. ಚಿತ್ರದ ಕೊನೆಯಲ್ಲಿ ಪ್ರೇಮಿಗಳು ಒಂದಾದಾಗ, ಆರಂಭದಲ್ಲಿ ಕಂಡಿದ್ದ ‘ಇಂದು ರಾತ್ರಿ ಹೊಂಗುರುಳು’ ಎಂಬ ಬೆಳಕಿನ ಫಲಕ ಕಿಟಕಿಯಾಚೆ ಮಿನುಗುತ್ತಲೇ ಇರುತ್ತದೆ.

6. ಐತಿಹ್ಯದ ಮರುದಾಳಿ

ಮುಂದಿನ ರೂಪಾಂತರಗಳಲ್ಲಿ ಹಲವು ಈ ಉತ್ತರವನ್ನು ಉಳಿಸಿಕೊಳ್ಳಲಿಲ್ಲ. 1932ರ ವಾಕ್ಚಿತ್ರದಲ್ಲಿ ನವೆಲ್ಲೋನೇ ಮತ್ತೆ ನಟಿಸಿದ. ಜಾನ್ ಬ್ರಾಮ್ ನಿರ್ದೇಶಿಸಿದ 1944ರ ಅಮೆರಿಕನ್ ಚಿತ್ರದಲ್ಲಿ ಲೇರ್ಡ್ ಕ್ರೀಗರ್ ವಹಿಸಿದ ಬಾಡಿಗೆದಾರ ಕೊಲೆಗಾರನೇ ಆಗಿದ್ದಾನೆ. 1953ರ ‘ಮ್ಯಾನ್ ಇನ್ ದಿ ಆ್ಯಟಿಕ್’ ಚಿತ್ರವೂ ಇದೇ ಜಾಡಿನದು. 2009ರಲ್ಲಿ ಕಥೆ ಲಾಸ್ ಏಂಜಲಿಸ್ ನಗರಕ್ಕೆ ವಲಸೆ ಹೋಯಿತು. ಒಂಟಿ ಬಾಡಿಗೆದಾರನ ಮನಸ್ಸಿನೊಳಗೇ ಕ್ಯಾಮೆರಾವನ್ನು ಇರಿಸಿದ ರೋಮನ್ ಪೊಲಾನ್‌ಸ್ಕಿಯ ‘ದ ಟೆನೆಂಟ್’ (1976), ಕೋಣೆ ಹಂಚಿಕೊಳ್ಳಲು ಬಂದವಳು ಮನೆಯವಳ ರೂಪವನ್ನೇ ಧರಿಸತೊಡಗುವ ‘ಸಿಂಗಲ್ ವೈಟ್ ಫೀಮೇಲ್’ (1992) ಇವು ನೇರ ರೂಪಾಂತರಗಳಲ್ಲದಿದ್ದರೂ ಇದೇ ಕುಟುಂಬಕ್ಕೆ ಸೇರಿದವು. ಒಟ್ಟಿನಲ್ಲಿ ಐತಿಹ್ಯ ತನ್ನ ಹಳೆಯ ಸುಖಕ್ಕೆ ಮರಳಿತು: ಅಪಾಯ ಮಹಡಿಯ ಕೋಣೆಯಲ್ಲಿದೆ, ಕೆಳಗಿನ ಮನೆ ನಿರ್ದೋಷಿ. 2012ರಲ್ಲಿ ಬ್ರಿಟಿಷ್ ಚಲನಚಿತ್ರ ಸಂಸ್ಥೆ 1927ರ ಚಿತ್ರವನ್ನು ಪುನರುಜ್ಜೀವನಗೊಳಿಸಿ, ನಿತಿನ್ ಸಾಹ್ನಿಯ ಹೊಸ ಸಂಗೀತದೊಂದಿಗೆ ಬಿಡುಗಡೆ ಮಾಡಿತು.

7. ಉಪಸಂಹಾರ

ಈ ಚರಿತ್ರೆ ಲಂಡನ್ನಿನದು. ಆದರೆ ಬಾಡಿಗೆ ಕೋಣೆ ಮತ್ತು ವದಂತಿ ಒಂದಕ್ಕೊಂದು ತಗಲುವ ಸ್ಥಿತಿ ಆ ನಗರಕ್ಕಷ್ಟೇ ಸೀಮಿತವಲ್ಲ. 1990ರ ದಶಕದಲ್ಲಿ ಕರ್ನಾಟಕದ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವೊಂದಿತ್ತು. ಪರಿಚಿತರ ದನಿಯಲ್ಲಿ ಕೂಗುತ್ತಾಳೆನ್ನಲಾದ ಆ ದೆವ್ವವನ್ನು ಒಂದು ಬರಹದಿಂದ ವಾಪಸು ಕಳುಹಿಸಬಹುದಾಗಿತ್ತು. ಯಾರ ಮೈಗೂ ಪೆಟ್ಟು ಬೀಳುತ್ತಿರಲಿಲ್ಲ. ಐತಿಹ್ಯ ಮನುಷ್ಯನ ಮುಖವನ್ನು ಹುಡುಕತೊಡಗಿದಾಗ ಮಾತು ಬೇರೆಯಾಗುತ್ತದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಹಬ್ಬಿ, ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿದ್ದ ಸಾವಿರಾರು ಜನ ವಿಶೇಷ ರೈಲುಗಳಲ್ಲಿ ಗುವಾಹಟಿಯತ್ತ ಹೊರಟರು. ಅಲ್ಲಿ ಭಯಪಟ್ಟವರು ಮಹಡಿಯ ಕೋಣೆಯವರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸಕ್ಕೆಂದು ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬ ಮಕ್ಕಳ ಕಳ್ಳನೆಂಬ ಅನುಮಾನಕ್ಕೆ ಗುಂಪಿನ ಕೈಯಲ್ಲಿ ಸತ್ತ. ಅದೇ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಮೇಲೆ ಗುಂಪು ಎರಗಿತು, ಒಬ್ಬ ಬದುಕುಳಿಯಲಿಲ್ಲ. ಅಲ್ಲಿಯೂ ವದಂತಿ ಮನುಷ್ಯರಿಗಿಂತ ಮುಂದೆ ಹೋಗಿ, ಮೊಬೈಲಿನ ತೆರೆಗಳ ಮೇಲೆ ಅವರಿಗಾಗಿ ಕಾಯುತ್ತಿತ್ತು.

ಬಾಡಿಗೆಯವನ ಐತಿಹ್ಯವನ್ನು ಭಯದ ಮನರಂಜನೆಯಾಗಿ ಮಾತ್ರ ಓದಿದರೆ ಅದರ ಅರ್ಧ ಚರಿತ್ರೆ ಕಾಣದೆ ಹೋಗುತ್ತದೆ. ಆ ಚರಿತ್ರೆಯ ಒಂದು ತುದಿಯಲ್ಲಿ ನಾಲ್ಕು ಪೆನ್ಸ್ ಇಲ್ಲದೆ ಬೀದಿಗೆ ಬಿದ್ದ ಹೆಂಗಸರಿದ್ದಾರೆ. ಐತಿಹ್ಯ ಅವರನ್ನು ಮರೆತಿತು. ಇನ್ನೊಂದು ತುದಿಯಲ್ಲಿ ಮಾಡದ ತಪ್ಪಿಗೆ ಗುಂಪಿನ ಮುಂದೆ ನಿಲ್ಲುವ ಒಂಟಿ ಮನುಷ್ಯನಿದ್ದಾನೆ. ಐತಿಹ್ಯ ಅವನನ್ನು ಮೊದಲೇ ಹೆಸರಿಸಿತ್ತು. ಕೊಲೆಗಾರ ಯಾರೆಂಬ ಪ್ರಶ್ನೆ 1888ರಿಂದ ಹಾಗೆಯೇ ಉಳಿದಿದೆ. ಬೇಲಿಯ ಮೇಲೆ ನೇತಾಡುತ್ತಿದ್ದವನನ್ನು ಹೊಡೆದ ಕೈಗಳು ಯಾರವು ಎಂಬ ಪ್ರಶ್ನೆಗೆ ಮಾತ್ರ ಹಿಚ್‌ಕಾಕ್‌ನ ಚಿತ್ರ ಸ್ಪಷ್ಟ ಉತ್ತರ ಕೊಟ್ಟಿದೆ: ಅವು ಸಂಜೆಯ ಪತ್ರಿಕೆಯನ್ನು ಓದಿ ಮಡಿಸಿಟ್ಟು ಎದ್ದುಬಂದ ಸಾಧಾರಣ ಜನರ ಕೈಗಳು.